ಕಿವುಡಜ್ಜಿಯ ಎಡಬಲ

“ಈ ಮಳೇಲಿ ಊಟಕ್ಕೆ ಯಾರು ತಾನೇ ಬರ್ತಾರೆ?” ಎಂದು ಅಡುಗೆಯವ ಯಾರನ್ನೂ ನೋಡದೆ ಕೇಳಿದ.

ಸಂಜೆ ಆರು ಗಂಟೆ. ಬಂಗಲೆಯ ಅಡುಗೆಮನೆಯಲ್ಲಿ ಬಡಿಸುವವರು ನಾವು ಐದು ಮಂದಿ. ಹಿರಿಯ ಅಮ್ಮಾವ್ರು ತೀರಿಕೊಂಡು ಒಂಬತ್ತು ವರ್ಷ. ಈಗ ಮನೆ ಸೊಸೆಯದು. ಅವರು ಮೇಜಿನ ಮೇಲೆ ಅತಿಥಿಗಳ ಹೆಸರಿನ ಚೀಟಿಗಳನ್ನಿಟ್ಟು, ಊಟದ ಕೋಣೆಗೆ ಬೀಗ ಹಾಕಿ, ಸಿಂಗರಿಸಿಕೊಳ್ಳಲು ಹೋಗಿದ್ದರು. ಐವತ್ತು ವರ್ಷ ಅಲ್ಲೇ ಬಡಿಸಿದ ಅಜ್ಜ ಚಮಚ ಒರೆಸುತ್ತ ತಲೆಯೆತ್ತಿದರು.

“ಬರ್ತಾರಪ್ಪ... ಅಮ್ಮಾವ್ರ ಮನೆ ಊಟ ಅಂದ್ರೆ ಮಂತ್ರಿಗಳು ಮೊಣಕಾಲು ನೀರಲ್ಲಿ ನಡ್ಕೊಂಡು ಬಂದಿದ್ದು ನೋಡಿದೀನಿ. ಏನಿತ್ತು ಆಯಮ್ಮನ ಕೈಲಿ? ಅಧಿಕಾರಾನಾ, ಪದವೀನಾ? ಒಂದು ನೇರಳೆ ಶಾಯಿ ಪೆನ್ನು. ಯಾರ ಪಕ್ಕ ಯಾರು ಕೂರ್ಬೇಕು ಅಂತ ಚೀಟಿ ಬರೆಯೋರು, ಅಷ್ಟೇ. ಕೈ ಬಿಚ್ಚದ ಒಬ್ಬ ಸಾಹುಕಾರನ್ನ ದಾದಿ ಪಕ್ಕ ಕೂರಿಸಿದ್ರು... ಮುಂದಿನ ವರ್ಷ ಮಕ್ಕಳಾಸ್ಪತ್ರೆ ಎದ್ದು ನಿಂತಿತ್ತು.

“ಆಮೇಲೆ ಯುದ್ಧ ಆಯ್ತು. ನನ್ನ ಮಗ ಸಿಪಾಯಿ; ಪಕ್ಕದ ದೇಶದೋರು ಸೆರೆ ಹಿಡಿದ್ರು. ನಮ್ಮ ಮಂತ್ರಿ, ಅವರ ರಾಯಭಾರಿ, ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ಲ. ‘ಅಳಬೇಡ ಕಣಯ್ಯ, ಇಬ್ಬರನ್ನೂ ಊಟಕ್ಕೆ ಕರೆದಿದೀನಿ’ ಅಂದ್ರು ಅಮ್ಮಾವ್ರು. ಅಂದವರು... ಊಟಕ್ಕೆ ವಾರ ಇರುವಾಗ ಹೋಗಿಬಿಟ್ರು.”

ಅಜ್ಜ ನಿಲ್ಲಿಸಿದರು. ಒರೆಸಿದ ಚಮಚ ಬದಿಗಿಟ್ಟು ಇನ್ನೊಂದನ್ನು ಕೈಗೆತ್ತಿಕೊಂಡರು.

“ಊಟ ನಿಲ್ಲಿಸಲಿಲ್ಲ. ಅಮ್ಮಾವ್ರ ಮಗ ಚೀಟಿ ಬರೆದ. ಮಂತ್ರಿ ಆ ತುದಿ, ರಾಯಭಾರಿ ಈ ತುದಿ. ನಾನೇ ಕೋಣೆಗೆ ಬೀಗ ಹಾಕ್ದೆ. ಮಗನ ಆಸೆ ಬಿಟ್ಟೆ. ಊಟದ ಹೊತ್ತಾಯ್ತು ಅಂತ ಬೀಗ ತೆಗೆದು ನೋಡ್ತೀನಿ... ಚೀಟಿ ಮೇಲೆಲ್ಲ ನೇರಳೆ ಶಾಯಿ. ನಡುವೆ ಅಮ್ಮಾವ್ರ ಕಿವುಡಿ ಅಕ್ಕ, ಎಡಕ್ಕೆ ಮಂತ್ರಿ, ಬಲಕ್ಕೆ ರಾಯಭಾರಿ. ಆ ಅಜ್ಜಿಗೆ ಏನು ಹೇಳ್ಬೇಕಾದ್ರೂ ಕೂಗಬೇಕು. ಇವರು ಕೂಗಿದ್ದು ಅವರಿಗೆ ಕೇಳದೆ ಇರುತ್ತಾ? ‘ಮಕ್ಕಳೆಷ್ಟು?’ ಅಂದ್ರು ಅಜ್ಜಿ. ‘ಇಬ್ಬರು’ ಅಂತ ಅರಚಿದ್ರು ಮಂತ್ರಿ. ‘ನನಗೂ’ ಅಂತ ರಾಯಭಾರಿ. ಹಣ್ಣು ಬಡಿಸೋ ಹೊತ್ತಿಗೆ ಅಜ್ಜಿಗೆ ನಿದ್ದೆ. ಅವರಿಬ್ಬರೂ ಆಕೆ ತಲೆ ಮೇಲಿಂದ ಮೆಲ್ಲಗೆ ಮಾತಾಡ್ತಾನೇ ಇದ್ರು... ಇಪ್ಪತ್ತು ದಿನಕ್ಕೆ ನನ್ನ ಮಗ ಬಂದು ಬಾಗಿಲು ತಟ್ಟಿದ. ಯಾರು ಬರೆದ್ರು ಹೇಳಿ? ಬೀಗದ ಕೈ ನನ್ನ ಸೊಂಟದಲ್ಲಿತ್ತು.”

ಅಷ್ಟರಲ್ಲಿ ಸೊಸೆ ಬಾಗಿಲಿಗೆ ಬಂದರು. ಕೈಯಲ್ಲಿ ಎರಡು ಚೀಟಿ; ಹಸಿ ಶಾಯಿ ಬೆರಳಿಗೆ ಹತ್ತಿ ನೇರಳೆಯಾಗಿತ್ತು.

“ಅಜ್ಜ, ಬೀಗ ಹಾಕಿದ್ದ ಕೋಣೇಲಿ ಯಾರೋ ಚೀಟಿ ಬದಲಾಯಿಸಿದಾರೆ. ನಾನು ಇಟ್ಟಿದ್ದ ಹಾಗೇ ಇಟ್ಟುಬಿಡಿ.”

ಅಜ್ಜ ಎದ್ದು ನಿಂತರು. ಕೈ ಮಾತ್ರ ಚಾಚಲಿಲ್ಲ.

“ಆಗಲ್ಲ ತಾಯಿ. ಆ ಕೈಬರಹಾನ ನಾನು ಮುಟ್ಟಲ್ಲ.”