ಡಬಲ್ ಸ್ಪೀಡಿನಲ್ಲಿ ಅಪ್ಪ

ಆಸ್ಪತ್ರೆಯ ಹೃದ್ರೋಗ ವಿಭಾಗದ ಹೊರಗೆ, ನನ್ನ ಪಕ್ಕದಲ್ಲೇ ಅಕ್ಕ ತಂಗಿ ಕೂತಿದ್ದರು. ಒಳಗಿದ್ದದ್ದು ಅವರ ಅಪ್ಪ.

"ಅಪ್ಪನ ವಾಯ್ಸ್ ಮೆಸೇಜೆಲ್ಲ ನಾನು ಡಬಲ್ ಸ್ಪೀಡಲ್ಲಿ ಕೇಳ್ತಿದ್ದೆ ಅಕ್ಕ," ಎಂದಳು ತಂಗಿ.

"ಎಲ್ಲರೂ ಹಾಗೇ ಕೇಳೋದು, ಬಿಡೆ."

"ನಿನ್ನೆ ಸರಿಯಾದ ಸ್ಪೀಡಲ್ಲಿ ಹಾಕ್ದೆ. ಎರಡು ಮಾತಿಗೊಂದ್ಸಲ ನಿಂತು ಉಸಿರು ಎಳ್ಕೋತಾರೆ. ಒಂದು ತಿಂಗಳಿಂದ ಹಾಗೇ ಇದೆ. ನಂಗೆ ಗೊತ್ತೇ ಆಗ್ಲಿಲ್ಲ."

"ಡಾಕ್ಟ್ರು ಉಳಿಸಿದ್ರಲ್ಲ, ಅಳ್ಬೇಡ."

"ಆಗ್ಲೇ ಸರಿಯಾಗಿ ಕೇಳಿಸ್ಕೊಂಡಿದ್ರೆ ಇಲ್ಲೀತನಕ ಬರ್ತಿತ್ತಾ?"

ಅಕ್ಕ ತನ್ನ ಫೋನ್ ತೆಗೆದು ಅಪ್ಪನ ಮೆಸೇಜುಗಳನ್ನು ನೋಡಿದಳು.

"ನೀನು ಕೇಳಾದ್ರೂ ಕೇಳಿದೀಯ. ನಂಗೆ ಬಂದಿದ್ದು ಒಂದನ್ನೂ ನಾನು ಕೇಳೇ ಇಲ್ಲ ಕಣೆ. 'ಸರಿ ಅಪ್ಪ' ಅಂತ ಟೈಪ್ ಮಾಡಿ ಕಳಿಸ್ಬಿಡ್ತಿದ್ದೆ."

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದರು.

"ಇಬ್ಬರೂ ಬನ್ನಿ. ಆದ್ರೆ ಅವರನ್ನ ಮಾತಾಡಿಸ್ಬೇಡಿ."

ಇಬ್ಬರೂ ತಲೆಯಾಡಿಸಿ ಒಳಗೆ ಹೋದರು.