ರಾಯ್ಸ್ ಟಟಲ್‌ನ ಕಾರಿನ ಬಾಗಿಲು

ನಂಬೋದಾದ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ಈಗ್ಲೇ ಹೋಗಿ ಮಲಗಿ. ನಡುವೆ ನಗೋರಿಗೆ ನಾನು ಹೇಳೋದಿಲ್ಲ. ಓಹಾಯೋದಲ್ಲಿ ನಮ್ಮ ಪಕ್ಕದ ಮನೆ ಡೆಲ್ಮರ್‌ಗೆ ಆದದ್ದು ಇದು.

ಹಳೇ ಕಾರುಗಳನ್ನ ಹೊಸದರ ಹಾಗೆ ಮಾಡೋದು ಅವನ ಕಸುಬು. ಆ ರಾತ್ರಿ, ಮುಚ್ಚಿಹೋದ ರೇಸ್ ಮೈದಾನದ ಪಕ್ಕ ನಡೆದು ಬರ್ತಿದ್ದ. ಹಿಮ ಬಿದ್ದು ನಿಂತಿತ್ತು. ಬೂಟಿನ ಕೆಳಗೆ ಕರ್... ಕರ್... ಅಷ್ಟೇ. ತಲೆ ತುಂಬ ವರ್ನಾ ಮುದುಕಿಯದೇ ಯೋಚನೆ. ಬೆಳಿಗ್ಗೆ ಅವಳು, ಅವನಿಗೆ ಸರಿಮಾಡೋಕೆ ಒಪ್ಪಿಸಿದ್ದ ಕಾರು ನೋಡೋಕೆ ಬರೋಳಿದ್ದಳು.

ಕಾರು ಅವಳ ಅಣ್ಣ ರಾಯ್ಸ್‌ದು. ಅರವತ್ನಾಲ್ಕರಲ್ಲಿ ರೇಸಿಗೆ ಅಂತಲೇ ಕಾರ್ಖಾನೆಯವರು ಬೆರಳೆಣಿಕೆಯಷ್ಟು ಮಾಡಿದ್ದು. ಹಗುರಾಗಲಿ ಅಂತ ಹೀಟರಿಲ್ಲ, ರೇಡಿಯೋ ಇಲ್ಲ, ಬಾಗಿಲಿನ ತಗಡೂ ತೆಳು. ಕಾಲು ಮೈಲಿ ಓಟದಲ್ಲಿ ರಾಯ್ಸ್ ಮುಂದೆ ಯಾರೂ ನಿಲ್ತಿರಲಿಲ್ಲ. ಒಂದು ಭಾನುವಾರ ಗೆರೆ ದಾಟಿದ್ದೇ, ಸೀಟಿನಲ್ಲೇ ಜೀವ ಹೋಯ್ತು. ಕಾರಿನ ಬಾಗಿಲ ಮೇಲೆ ಅವನ ಹೆಸರು ಬರೆದಿತ್ತು.

"ಏನು ಬೇಕಾದ್ರೂ ಮಾಡ್ಕೋ ಮಗಾ, ಆ ಹೆಸರು ಮಾತ್ರ ಮುಟ್ಟಬೇಡ," ಅಂದಿದ್ದಳು ವರ್ನಾ. "ಸಮಾಧಿ ಕಲ್ಲಿನ ಮೇಲೂ ಅಕ್ಷರ ಉಳಿದಿಲ್ಲ."

ಈ ಪೆದ್ದ ಏನು ಮಾಡ್ದ? ಹಳೇ ಕಾರುಗಳ ಪ್ರದರ್ಶನದ ಸ್ಪರ್ಧೆಗೆ ಕಾರು ಕಾರ್ಖಾನೆಯಿಂದ ಬಂದ ದಿನದ ಹಾಗೇ ಇರಬೇಕಂತೆ, ಆಮೇಲೆ ಬರೆದದ್ದಕ್ಕೆಲ್ಲ ಅಂಕ ಕಳೀತಾರಂತೆ. ಹೆಸರು ಉಜ್ಜಿ ತೆಗೆದು ಬಿಳಿ ಬಣ್ಣ ಹೊಡೆದುಬಿಟ್ಟ.

ಮನೆ ಹತ್ರ ಬಂದ. ಕಾರಿದ್ದ ಶೆಡ್ಡಿನೊಳಗೆ... ಟಕ್. ಕಾರಿನ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಕಿರ್ರ್... ಕಿರ್ರ್... ಧಡಧಡ ಅಂತ ಇಂಜಿನ್ ಹತ್ಕೊಂತು. ಅದನ್ನ ಬಿಚ್ಚಿ ಮೂಲೆಗಿಟ್ಟು ತಿಂಗಳಾಗಿತ್ತು ಕಣ್ರೀ.

ಶೆಡ್ಡಿನ ಬಾಗಿಲು ಸರಿಸಿದ. ಕಾರಲ್ಲಿ ಯಾರೋ ಕೂತಿದ್ರು. ಮುಖ ಕಾಣ್ಲಿಲ್ಲ.

"ಮುಂದಿನ ಓಟ ನಂದು..." ಪಿಸುಮಾತು. "ಮೈಕಿನಲ್ಲಿ ಹೆಸರು ಕರೀತಾರೆ... ನನ್ನ ಹೆಸರೇನು?"

ಡೆಲ್ಮರ್‌ಗೆ ಗೊತ್ತಿತ್ತು. ಓಡಿಬಂದು ನಮ್ಮನೆ ಬಾಗಿಲು ಬಡಿದ.

ಬೆಳಿಗ್ಗೆ ವರ್ನಾ ಬಂದಳು. ಬೋಳು ಬಾಗಿಲ ಮೇಲೆ ಕೈಯಿಟ್ಟು ನಿಂತಳು.

"ತಪ್ಪಾಯ್ತು, ಮಿಸ್ ವರ್ನಾ," ಅಂದ ಡೆಲ್ಮರ್.

"ಗೊತ್ತಪ್ಪಾ. ರಾತ್ರಿ ಅಣ್ಣ ನಮ್ಮನೆಗೆ ಬಂದಿದ್ದ. ತನ್ನ ಹೆಸರೇನು ಅಂತ ಕೇಳ್ದ. ಅರವತ್ತು ವರ್ಷಕ್ಕೆ ಒಂದ್ಸಲ ಬಂದ... ಹೆದರಿಕೆಗೆ ನಾನು, ನೀನ್ಯಾರೋ ಗೊತ್ತಿಲ್ಲ, ಹೋಗು ಅಂದ್ಬಿಟ್ಟೆ."

ಅವಳನ್ನ ಮನೆಗೆ ಬಿಟ್ಟುಬರೋಕೆ ನಾನೇ ಹೋಗಿದ್ದೆ. ಅಂಗಳದ ಹಿಮದಲ್ಲಿ, ಮೆಟ್ಟಿಲ ತನಕ, ಕಾರಿನ ಚಕ್ರದ ಗುರುತಿತ್ತು. ಬಂದದ್ದಿತ್ತು. ವಾಪಸ್ ಹೋದದ್ದಿರಲಿಲ್ಲ. ಕಣ್ಣಾರೆ ಕಂಡದ್ದು ಹೇಳ್ತಿದ್ದೀನಿ.