ಅವ್ವನನ್ನು ಹೊರುವ ದಾರಿ

ಪಾವಗಡದ ಆಸ್ಪತ್ರೆಯ ಶವಾಗಾರದ ಮುಂದೆ ಅಕ್ಕ ತಮ್ಮ ಇಬ್ಬರು ತಾಯಿಯ ಹೆಣಕ್ಕಾಗಿ ಕಾಯುತ್ತಿದ್ದರು. ನಾನು ಬೇರೆ ಕೆಲಸಕ್ಕೆ ಹೋಗಿದ್ದವನು ಪಕ್ಕದಲ್ಲೇ ನಿಂತಿದ್ದೆ. ತಮ್ಮ ನಿಂತಲ್ಲಿ ನಿಲ್ಲಲಾರದೆ ಗೋಡೆಯಿಂದ ಗೋಡೆಗೆ ತಿರುಗುತ್ತಿದ್ದ.

“ಚರ್ಚಿನ ಸ್ಮಶಾನದಾಗೆ ಜಾಗ ಕೊಡ್ತೀನಿ ಅಂದ್ರಲ್ಲ ಫಾದರ್ರು, ಅಲ್ಲೇ ಮಣ್ಣು ಮಾಡಾನ ಅಕ್ಕ.”

“ಅವ್ವ ಮಾರಮ್ಮನ ಒಕ್ಕಲು ಕಣ್ಲಾ ಅಂಜಿನಿ.”

“ಅದುನ್ನೂ ಕೇಳ್ದೆ. ನೀವು ನಮ್ಮ ಮತಕ್ಕೆ ಬರೋದೇನೂ ಬ್ಯಾಡ, ಜಾಗ ತಗಳಿ ಅಂದ್ರು.”

“ಆಮ್ಯಾಕೆ ಇನ್ನೊಂದು ಮಾತು ಅಂದ್ರಲ್ಲ, ಅದುನ್ಯಾಕೆ ನುಂಗ್ತೀಯ?”

“ಏನು?”

“ಇವತ್ತು ಇಲ್ಲಿ ಮಣ್ಣು ಮಾಡುದ್ರೆ, ನಿಮ್ಮ ಕಾಲೋನಿಗೆ ಊರ ಸ್ಮಶಾನದ ದಾರಿ ಕೈತಪ್ಪಿ ಹೋದಂಗೇಯ ಅಂತ. ಆ ದಾರಿಗೆ ಬೇಲಿ ಹಾಕಿರೋ ಹೊಲದ ಯಜಮಾನ ಕಾಯ್ತಿರೋದೂ ಅದುಕ್ಕೇಯ.”

“ಅವುನು ಹೊಡೆಯಾಕೆ ಬತ್ತಾನೆ ಅಕ್ಕ.”

“ಚರ್ಚಿನೋರೆಲ್ಲ ಹೆಗಲು ಕೊಡಾಕೆ ಬತ್ತೀವಿ ಅಂದವ್ರೆ. ಫಾದರ್ರು ಪೊಲೀಸ್ರಿಗೂ ಹೇಳವ್ರೆ. ಅವ್ರಿಗಿರೋ ಧೈರ್ಯ ಹೆತ್ತ ಮಗನಿಗಿಲ್ವಾ?”

“ನಾಳೆ ಅವ್ರು ಹೊಂಟೋಯ್ತಾರೆ. ನಾನು ಅಲ್ಲೇ ಬದುಕ್ಬೇಕು.”

“ಅಲ್ಲೇ ಸಾಯ್ಲೂ ಬೇಕಲ್ಲ.”

ಬೇಲಿ ಹಾಕಿದವನ ಮೇಲೆ ನನಗೆ ಮೈಯೆಲ್ಲ ಉರಿಯಿತು.

ಹೆಣ ಹೊರಗೆ ಬಂತು. ಗಾಡಿಯವನು ಒಳಗೆ ಮಲಗಿಸಿ ಕೇಳಿದ: “ಚರ್ಚ್‌ಗಾ, ಊರಿಗಾ?”

ಅಕ್ಕ ತಮ್ಮನ ಮುಖ ನೋಡಿದಳು.

“ಊರಿಗೆ,” ಎಂದ ಅವನು. “ಬೇಲಿ ತಾವ ನಿಲ್ಸಣ್ಣ. ಅಲ್ಲಿಂದ ನಾವೇ ಹೊರ್ತೀವಿ.”

ಇಬ್ಬರೂ ಹಿಂದೆ ಹತ್ತಿ ಕೂತರು. ಗಾಡಿ ಹೊರಟಿತು.